ಕೊಚ್ಚಿಯಲ್ಲಿ ಒಂದು ಗಂಟೆ

ಮೀನಾಕ್ಷಿ ಬಳ್ಳಾರಿಯ ಕೌಲ್ ಬಜಾರಿನ ಜೀನ್ಸ್ ಕಾರ್ಖಾನೆಯಲ್ಲಿ ಮೂವತ್ತು ವರ್ಷದಿಂದ ಪ್ಯಾಂಟಿಗೆ ಜೇಬು ಹಚ್ಚುತ್ತಿದ್ದವಳು. ಅಪ್ಪ ಹೋದಮೇಲೆ ತಂಗಿ ವಿಜಯಲಕ್ಷ್ಮಿಯನ್ನು ಓದಿಸಿದವಳೂ, ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಯಲ್ಲಿ ಮುಂದೆ ನಿಂತು ಅವಳ ಮದುವೆ ಮಾಡಿದವಳೂ ಅವಳೇ. ತಾನು ಮದುವೆಯಾಗಲಿಲ್ಲ. ತಂಗಿ ಈಗ ಸಿರುಗುಪ್ಪದ ಅಕ್ಕಿ ಗಿರಣಿಯ ಸಾಹುಕಾರ್ತಿ.

ಒಂದು ದಿನ ತಂಗಿ ಫೋನ್ ಮಾಡಿದಳು. "ಅಕ್ಕಾ, ಮುಂಬೈಯಿಂದ ಹಡಗಿನ್ಯಾಗ ಕೊಚ್ಚಿಗೆ ಹೊಂಟೀವಿ. ನೀನೂ ಬಾ. ಸಮುದ್ರ ನೋಡೇ ಇಲ್ಲ ನೀನು."

ಮೀನಾಕ್ಷಿಗೆ ಕಣ್ಣು ತುಂಬಿ ಬಂತು. ಕೊನೆಗೂ ನೆನಪಿಟ್ಟಳಲ್ಲ ಎಂದುಕೊಂಡಳು. ಪಕ್ಕದ ಮಿಷಿನ್ನಿನ ಸುಂಕಮ್ಮನಿಗೆ ಮೂರು ಸಲ ಹೇಳಿದಳು.

ಹಡಗು ಹತ್ತಿದ ದಿನವೇ ತಂಗಿಯ ಮಗಳು ಅಂಜನಾ ತನ್ನ ಎರಡು ವರ್ಷದ ಕೂಸನ್ನು ದೊಡ್ಡಮ್ಮನ ತೊಡೆಗೆ ಹಾಕಿ ಈಜಲು ಹೋದಳು. ಮರುದಿನ ಮೀನಾಕ್ಷಿಯ ಊಟವೂ ಅವರೆಲ್ಲ ಉಂಡು ಬಂದಮೇಲೆಯೇ. ಕೂಸು ತನಗೆ ಹೊಂದಿಕೊಂಡಿದೆ, ಇರಲಿ ಎಂದುಕೊಂಡಳು. ಕೊಚ್ಚಿಯೊಂದು ಬಂದರೆ ಸಾಕಿತ್ತು. ಏಳನೇ ತರಗತಿಯ ಪುಸ್ತಕದಲ್ಲಿ ಆ ಊರಿನ ಚೀನೀ ಮೀನುಬಲೆಗಳ ಚಿತ್ರವಿತ್ತು. ಅವಳು ಓದಿದ ಕೊನೆಯ ಪುಸ್ತಕ ಅದೇ.

ಹಡಗು ಮೂರನೇ ದಿನ ಬೆಳಿಗ್ಗೆ ಕೊಚ್ಚಿಯ ದಡ ಮುಟ್ಟಿತು. ಮೀನಾಕ್ಷಿ ಇಳಕಲ್ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು.

"ಕೂಸು ಮಲಗೇತಿ," ಎಂದಳು ವಿಜಯಲಕ್ಷ್ಮಿ, ತಂಪು ಕನ್ನಡಕ ಒರೆಸುತ್ತ. "ಬಿಸಿಲು ಬ್ಯಾರೆ. ನೀ ಇಲ್ಲೇ ಇರು."

"ನಾನೂ ನೋಡಬೇಕಿತ್ತು, ವಿಜಿ."

"ಏನೈತಿ ನೋಡಾಕ? ಹಳೇ ಗೋಡಿ. ಫೋಟೋ ತರ್ತೀವಿ ತಗೋ."

ಅವರೆಲ್ಲ ಇಳಿದುಹೋದರು. ಕಿಟಕಿಯಿಂದ ಕ್ರೇನುಗಳೂ ಕಬ್ಬಿಣದ ಪೆಟ್ಟಿಗೆಗಳೂ ಮಾತ್ರ ಕಂಡವು. ಹನ್ನೊಂದಕ್ಕೆ ಕೂಸು ಎದ್ದಿತು. ಮೀನಾಕ್ಷಿ ಹಾಲು ಕುಡಿಸಿ, ಟೋಪಿ ಹಾಕಿ, ಸೊಂಟಕ್ಕೇರಿಸಿಕೊಂಡು ಇಳಿದೇಬಿಟ್ಟಳು. ಆಟೋದವನಿಗೆ ಕನ್ನಡ ಬರಲಿಲ್ಲ. ಬಲೆ ಎಳೆಯುವಂತೆ ಕೈಯಾಡಿಸಿ ತೋರಿಸಿದಳು; ಅವನು ನಕ್ಕು ಕರೆದೊಯ್ದ.

ಮನೆಯೆತ್ತರದ ಮರದ ತೋಳುಗಳು ನೀರಿಗೆ ಬಾಗಿ ಎದ್ದವು. ಐದಾರು ಗಂಡಸರು ಕಲ್ಲು ಕಟ್ಟಿದ ಹಗ್ಗ ಜಗ್ಗಿದರೆ ಬಲೆಯಲ್ಲಿ ಬೆರಳುದ್ದದ ನಾಲ್ಕು ಮೀನು. ಕೂಸು ಚಪ್ಪಾಳೆ ತಟ್ಟಿತು. ಆಮೇಲೆ ಹಳೆಯ ಚರ್ಚಿನ ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲಿ ನಿಂತಳು. ಅಲ್ಲಿದ್ದದ್ದು ಎಲ್ಲ ಸೇರಿ ಒಂದು ಗಂಟೆ.

ತಿರುಗಿ ಬಂದಾಗ ತಂಗಿಯ ಮನೆಯವರು ಬಿಸಿಲು ತಾಳದೆ ಬೇಗನೇ ಮರಳಿದ್ದರು. ಹಡಗಿಡೀ ಹುಡುಕಾಟ ನಡೆದಿತ್ತು. ವಿಜಯಲಕ್ಷ್ಮಿ ಕೂಸನ್ನು ಕಸಿದುಕೊಂಡಳು.

"ಯಾರನ್ನ ಕೇಳಿ ಇಳಿದಿ?"

"ನನಗೂ ಊರು ತೋರಿಸಾಕ ಕರಕೊಂಡು ಬಂದೀ ಅಂತ ತಿಳಿದಿದ್ದೆ."

"ಕೂಸು ನೋಡ್ಕೊಳ್ಳಾಕ ಕರಕೊಂಡು ಬಂದದ್ದು."

ಅಂಜನಾ ತನ್ನ ಕಾಲ್ಬೆರಳು ನೋಡುತ್ತಿದ್ದಳು. ತಂಗಿಯ ಗಂಡ ದೊಡ್ಡಬಸವರಾಜ ನಲ್ಲಿ ಬಿಟ್ಟುಕೊಂಡು ಮುಖ ತೊಳೆಯುತ್ತಿದ್ದ. ಆ ಮಾತನ್ನು ಯಾರೂ ತಿದ್ದಲಿಲ್ಲ.

ಬಳ್ಳಾರಿ ಸ್ಟೇಷನ್ನಿನಲ್ಲಿ ಮೀನಾಕ್ಷಿ ಅವರ ಕಾರು ಹತ್ತಲಿಲ್ಲ. ಮರುದಿನ ಸುಂಕಮ್ಮ ಕೇಳಿದಳು, "ಹ್ಯಾಂಗಿತ್ತಕ್ಕಾ ಊರು?"

"ಊರು ಚೊಲೋ ಐತಿ. ನಾ ಆಳಾಗಿ ಹೋಗಿದ್ದೆ," ಎಂದು ಮಿಷಿನ್ ತುಳಿದಳು.

ಎರಡು ತಿಂಗಳ ಮೇಲೆ ತಂಗಿಯ ಫೋನು. "ಅಂಜನಾಗ ಪರೀಕ್ಷಿ ಅದಾವು. ಕೂಸನ್ನ ನಾಲ್ಕು ದಿನ ನಿನ್ನ ಹತ್ರ ಬಿಡ್ತೀವಿ." ಹಿಂದಿನಿಂದ ಕೂಸು ಅಜ್ಜೀ ಅಜ್ಜೀ ಎಂದು ಕರೆಯುವುದು ಕೇಳುತ್ತಿತ್ತು.

"ಯಾರನ್ನರ ಆಳು ಹುಡುಕ್ಕೊಳ್ರಿ," ಎಂದಳು ಮೀನಾಕ್ಷಿ. ತಂಗಿಗೆ ಅವಳು ಬಹುವಚನ ಹಚ್ಚಿದ್ದು ಅದೇ ಮೊದಲು.

ಮತ್ತೆ ಫೋನ್ ಬರಲಿಲ್ಲ. ಕೂಸಿಗೆ ಈಗ ಮೂರು ತುಂಬಿರಬೇಕು.