ಮಾಂಟ್ರಿಯಲ್‌ನಲ್ಲಿ ನೋಡಲೇಬೇಕಾದ ಮೆಟ್ಟಿಲುಗಳು

೧

ಹೇಗೆ ಶುರು ಮಾಡಲಿ? ಮಾಂಟ್ರಿಯಲ್‌ನ ನೋಡಲೇಬೇಕಾದ ಜಾಗಗಳ ಬಗ್ಗೆ ಬರೆದುಕೊಡಿ ಎಂದು ಪತ್ರಿಕೆಯವರು ಕೇಳಿದ್ದರು. ‘ಬೆಟ್ಟದ ಮಗ್ಗುಲಲ್ಲಿ ಸಂತ ಜೋಸೆಫರ ಭವ್ಯ ಇಗರ್ಜಿ’ ಎಂದು ಬರೆದು ಹೊಡೆದುಹಾಕಿದೆ. (‘ಭವ್ಯ’ ಎಂಬ ಪದ ಬಂದರೆ ಬರೆಯುವವಳಿಗೆ ತೂಕಡಿಕೆ ಬಂದಿದೆ ಎಂದು ತಿಳಿಯಿರಿ.)

೨

ಇನ್ನೊಮ್ಮೆ. ಆ ಇಗರ್ಜಿಯ ಮೆಟ್ಟಿಲುಗಳಲ್ಲಿ ನಡುವಿನ ಸಾಲು ಮರದ್ದು. ಹರಕೆ ಹೊತ್ತವರು ಅದನ್ನು ಮೊಣಕಾಲಲ್ಲೇ ಹತ್ತಬೇಕು. ಮೇ ತಿಂಗಳ ಒಂದು ಬೆಳಿಗ್ಗೆ ನನ್ನ ಮಹಡಿ ಮೇಲಿನ ಮನೆಯ ಗಿಲೇನ್ ಹತ್ತುತ್ತಿದ್ದಳು. ಅವಳ ಗಂಡ ರೆಜಾನ್ ಮೆದುಳಲ್ಲಿ ರಕ್ತಸ್ರಾವವಾಗಿ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ನಾನು ನೀರಿನ ಬಾಟಲಿ ಹಿಡಿದು ಪಕ್ಕದ ಮೆಟ್ಟಿಲುಗಳಲ್ಲಿ ಜೊತೆಗಿದ್ದೆ. ಹೆಂಡತಿಯ ಹರಕೆ, ಸುತ್ತ ಪ್ರವಾಸಿಗರ ಕ್ಯಾಮೆರಾ. ಲೇಖನಕ್ಕೆ ಇನ್ನೇನು ಬೇಕು?

೩

ಅರ್ಧಕ್ಕೆ ಏದುಸಿರು ಬಿಡುತ್ತ ಕೂತಳು.

“ಧೈರ್ಯವಾಗಿರೇ, ಉಳ್ಕೋತಾನೆ,” ಎಂದೆ.

“ಉಳೀಲಿ ಅಂದೋರು ಯಾರು? ಹೋಗಲಿ ಅಂತ ಹತ್ತುತಾ ಇದೀನಿ ಕಣೇ ಓಡೆಟ್.”

ಬಾಟಲಿ ನನ್ನ ಕೈಜಾರಿ ದಡದಡ ಕೆಳಗುರುಳಿತು.

ಅವಳು ಅಂಗಿಯ ತೋಳು ಮೇಲೆ ಸರಿಸಿ ತೋರಿಸಿದಳು. ಹಳೆಯ ಸುಟ್ಟಗಾಯ, ಇಸ್ತ್ರಿಪೆಟ್ಟಿಗೆಯ ಮೂತಿಯಷ್ಟೇ ಚೂಪು. “ಸೂಪು ಆರಿತ್ತಂತೆ, ಅದಕ್ಕೆ ಇಟ್ಟ. ಅವನು ಆಸ್ಪತ್ರೆ ಸೇರಿದಾಗಿಂದ ಬೆಳಗಿನವರೆಗೂ ಮಲಗ್ತೀನಿ. ನಿದ್ದೆ ಅಂದ್ರೆ ಹಿಂಗಿರತ್ತೆ ಅಂತ ಗೊತ್ತೇ ಇರ್ಲಿಲ್ಲ.”

ಕೇಳದೆಯೇ ನನ್ನ ಬಾಗಿಲ ಹಿಮವನ್ನೂ ಎತ್ತಿಹಾಕುತ್ತಿದ್ದ ರೆಜಾನ್! (ಓದುಗರೇ, ಇಲ್ಲೊಂದು ಒಳ್ಳೆಯ ವಾಕ್ಯ ಬರಬೇಕಿತ್ತು. ಇನ್ನೂ ಹುಡುಕುತ್ತಿದ್ದೇನೆ.)

೪

ಅಷ್ಟರಲ್ಲಿ ಅವಳ ಫೋನು. ಸ್ಪೀಕರಿಗೆ ಹಾಕಿದಳು. ಆಸ್ಪತ್ರೆಯ ನರ್ಸ್.

“ಮೇಡಂ, ನಿಮ್ಮ ಯಜಮಾನ್ರು ಕಣ್ಣು ಬಿಟ್ರು! ನಿಮ್ಮನ್ನೇ ಕೇಳ್ತಿದಾರೆ!”

“ತಬರ್ನಾಕ್,” ಎಂದಳು ಗಿಲೇನ್. (ನಮ್ಮಲ್ಲಿ ದೊಡ್ಡ ಬೈಗುಳಗಳೆಲ್ಲ ಇಗರ್ಜಿಯ ಸಾಮಾನುಗಳ ಹೆಸರೇ. ಆದರೂ, ಆ ಜಾಗದಲ್ಲಿ!)

ಪಕ್ಕದಲ್ಲಿದ್ದ ಪ್ರವಾಸಿ ಹೆಂಗಸು “ಪವಾಡ, ಪವಾಡ!” ಎಂದು ಅವಳನ್ನು ತಬ್ಬಿಕೊಂಡಳು. ಯಾರೋ ಚಪ್ಪಾಳೆ ತಟ್ಟಿದರು. ಗಿಲೇನ್‌ಳ ಮುಖ ಸುಣ್ಣದಂತಾಗಿತ್ತು.

೫

ಮುಕ್ತಾಯ ಒಂದು: ಅವಳು ಆಸ್ಪತ್ರೆಗೆ ಓಡಿದಳು. (ಪತ್ರಿಕೆಗೆ ಇಷ್ಟ. ಸುಳ್ಳು.)

ಮುಕ್ತಾಯ ಎರಡು: ಇಳಿದುಹೋಗಿ ಬಸ್ಸು ಹತ್ತಿ ಊರೇ ಬಿಟ್ಟಳು. (ನನಗೆ ಇಷ್ಟ. ಇದೂ ಸುಳ್ಳು.)

ನಡೆದದ್ದು: ಲಂಗ ಸರಿಮಾಡಿಕೊಂಡು ಮತ್ತೆ ಮೊಣಕಾಲೂರಿದಳು.

“ಇನ್ನೂ ಯಾಕೇ?”

“ಇಷ್ಟೊತ್ತು ಹತ್ತಿದ್ದು ಅವನ ಲೆಕ್ಕ. ಇನ್ಮೇಲಿಂದು ನಂದು.”

ಅಂದು ಸಂಜೆ ನೇರ ನನ್ನ ಮನೆಗೆ ಬಂದಳು, ಇಂದಿಗೂ ನನ್ನ ಹಿಂದಿನ ಕೋಣೆಯಲ್ಲಿದ್ದಾಳೆ. ಆಸ್ಪತ್ರೆಯಿಂದ ಬಂದ ರೆಜಾನ್ ಮೇಲಿನ ಮನೆಯಲ್ಲಿ ಒಬ್ಬನೇ. ಅವನ ಊರುಗೋಲು ನೆಲ ಕುಟ್ಟಿದಾಗೆಲ್ಲ ನಾವಿಬ್ಬರೂ ಮಾತು ನಿಲ್ಲಿಸುತ್ತೇವೆ.

ನಿನ್ನೆ ಗಿಲೇನ್ ಇದರ ಕರಡು ಓದಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. “‘ತುದಿ ಮುಟ್ಟಿದಳು’ ಅಂತ ಯಾಕೇ ಬರ್ದೆ?”

“ಮುಟ್ಟಿದೆಯಲ್ಲೇ, ನಾನೇ ನೋಡಿದೀನಿ.”

ಮೇಲೆ ಊರುಗೋಲು ಕುಟ್ಟಿತು. ಅವಳು ಚಾವಣಿ ನೋಡಿದಳು.

“ಹತ್ತುತಾ ಇದಾಳೆ ಅಂತ ಬರಿ.”