ಪ್ರಾರ್ಥನೆ ಹುಡುಗಿ

ಇತ್ತೀಚೆಗೆ ನನಗೆ ಕಣ್ಣು ಮುಚ್ಚುವುದೆಂದರೆ ಭಯ. ಯಾರಿಗೂ ಹೇಳಿಲ್ಲ. ಹೇಳಿದರೆ ನಗುತ್ತಾರೆ, ಯಾಕೆಂದರೆ ನಾನು ಕಣ್ಣು ಮುಚ್ಚುವುದಕ್ಕೇ ಹೆಸರಾದವಳು. ಸಭೆಯಲ್ಲಿ ಎಲ್ಲರೂ ಆಮೆನ್ ಎಂದು ತಲೆ ಎತ್ತಿದ ಮೇಲೂ ನನ್ನ ತಲೆ ಬಾಗಿಯೇ ಇರುತ್ತದೆ. "ನಿಮ್ಮ ಮಗಳು ಪ್ರಾರ್ಥನೆಗೆ ಕೂತ್ರೆ ಮುಳುಗೇ ಹೋಗ್ತಾಳಪ್ಪ" ಎಂದು ಹಿಂದಿನ ಬೆಂಚಿನ ಅಜ್ಜಿ ಹೇಳಿದಾಗ ಅಪ್ಪನ ಮುಖ ಅರಳಿತ್ತು. ಮುಳುಗಿದ್ದು ನಿಜ. ಯಾವುದರಲ್ಲಿ ಎಂಬುದು ನನಗೂ ದೇವರಿಗೂ ಮಾತ್ರ ಗೊತ್ತು. ನಾನು ನಿದ್ದೆ ಹೋಗಿದ್ದೆ.

ಅಪ್ಪ ಸಭೆಯ ಹಿರಿಯರಲ್ಲೊಬ್ಬರು. ಬೆಳಗಿನ ಜಾವದ ಪ್ರಾರ್ಥನೆ, ಗಾಯನ ತಂಡ, ಸಂಡೇ ಸ್ಕೂಲ್ ಎಂದು ಯಾರು ಏನು ಕೇಳಿದರೂ ನನ್ನ ಬಾಯಿಂದ 'ಆಯ್ತು' ಎಂಬುದೇ ಬರುತ್ತದೆ. 'ಇಲ್ಲ' ಎಂಬ ಮಾತು ಗಂಟಲಿನವರೆಗೆ ಬಂದು, ನಾಚಿಕೊಂಡು ವಾಪಸ್ಸು ಹೋಗುತ್ತದೆ. ಆಸ್ಪತ್ರೆಯ ಲ್ಯಾಬಿನಲ್ಲೂ ಹಾಗೇ. ನನ್ನ ಜೊತೆಯವಳು ಹೆರಿಗೆ ರಜೆಗೆ ಹೋದಾಗ ಅವಳ ಪಾಳಿಯೂ ನನ್ನ ಕೊರಳಿಗೆ ಬಿತ್ತು. ದಿನಚರಿ ಬರೆಯಲು ಕುಳಿತರೆ ಅಕ್ಷರಗಳು ಗೆರೆ ಬಿಟ್ಟು ಕೆಳಕ್ಕೆ ಜಾರುತ್ತಿದ್ದವು.

"ಕರ್ತನ ಕೆಲಸಕ್ಕೆ ಆಗಲ್ಲ ಅನ್ನೋಕಾಗುತ್ತಾ ಮಗಳೇ? ಬಲ ಅವನೇ ಕೊಡ್ತಾನೆ" ಎನ್ನುತ್ತಿದ್ದರು ಅಪ್ಪ.

"ಬಲ ಅವನು ಕೊಡ್ತಾನೆ, ಸರಿ. ನಿದ್ದೇನೂ ಅವನೇ ಕೊಟ್ಟಿದ್ದು. ಅದನ್ನ ನೀವು ಕಿತ್ಕೋತಿದ್ದೀರಲ್ಲ?" ಎಂದು ಅಮ್ಮ ಅಡುಗೆಮನೆಯಿಂದಲೇ ಕುಟುಕುತ್ತಿದ್ದಳು. ಅಪ್ಪ ಕೇಳಿಸದವರಂತೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ನಾನು ಅವರ ಹಿಂದೆ ಹೊರಡುತ್ತಿದ್ದೆ.

ಲ್ಯಾಬಿನಲ್ಲಿ ರಕ್ತ ತೆಗೆಯುವವನನ್ನು ಎಲ್ಲರೂ ಮೀಸೆ ಎನ್ನುತ್ತಾರೆ. ನಾನು ಮೇಜಿನ ಮುಂದೆ ಕಣ್ಣು ಮುಚ್ಚಿ ನಿಂತಾಗಲೆಲ್ಲ ಅವನು ಬೆರಳನ್ನು ತುಟಿಗಿಟ್ಟುಕೊಳ್ಳುತ್ತಾನೆ. "ಶ್! ಯಾರೂ ಮಾತಾಡ್ಬೇಡಿ. ಮೇಲಿನವರ ಜೊತೆ ಲೈನಲ್ಲಿದ್ದಾಳೆ." ಹಾಗೆ ಶುರುವಾದದ್ದು. ನಾನು ಅಲ್ಲ ಎನ್ನಲಿಲ್ಲ. ನಿದ್ದೆಗಣ್ಣಿನ ಹುಡುಗಿ ಎನ್ನಿಸಿಕೊಳ್ಳುವುದಕ್ಕಿಂತ ಪ್ರಾರ್ಥನೆ ಹುಡುಗಿ ಎನ್ನಿಸಿಕೊಳ್ಳುವುದು ಸುಲಭವಾಗಿತ್ತು.

ಈ ದಿನ ಬೆಳಿಗ್ಗೆ ವಾರ್ಡಿನ ಮುಂದೆ ಒಬ್ಬ ಹೆಂಗಸು ನನ್ನ ಕೈ ಹಿಡಿದುಕೊಂಡರು. ಅಮ್ಮನಿಗಿಂತ ಸ್ವಲ್ಪ ದೊಡ್ಡವರು. ಅಂಗೈ ತಣ್ಣಗಿತ್ತು.

"ಪ್ರಾರ್ಥನೆ ಮಾಡೋ ಹುಡುಗಿ ನೀನೇ ಅಲ್ವೇನಮ್ಮ? ನಮ್ಮ ಯಜಮಾನ್ರಿಗೆ ಇವತ್ತು ಆಪರೇಷನ್. ರಕ್ತ ಬೇಕಾಗುತ್ತಂತೆ. ನಿನ್ನ ದೇವರಿಗೆ ಒಂದು ಮಾತು ಹೇಳ್ತೀಯಾ?"

"ಆಯ್ತು" ಎಂದೆ.

ಮೀಸೆ ರಕ್ತ ತುಂಬಿದ ಎರಡು ನಳಿಕೆ ತಂದು ಮೇಜಿನ ಮೇಲಿಟ್ಟ. ಒಂದು ಆ ಯಜಮಾನರದು, ಇನ್ನೊಂದು ಅದೇ ವಾರ್ಡಿನ ಕಾಮಾಲೆ ರೋಗಿಯದು. ಪ್ರತಿ ನಳಿಕೆಗೂ ಹಾಸಿಗೆಯ ಸಂಖ್ಯೆ ಬರೆದ ಚೀಟಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿರುತ್ತಾನೆ. ಚೀಟಿ ಬಿಚ್ಚಿ, ಅದೇ ರೋಗಿಯ ಹೆಸರಿನ ಲೇಬಲ್ ಅಂಟಿಸುವುದು ನನ್ನ ಕೆಲಸ. ಒಂದು ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬಾರದು. ಇಷ್ಟೇ ನಿಯಮ.

ಮೊದಲನೆಯದರ ರಬ್ಬರ್ ಬ್ಯಾಂಡ್ ಬಿಚ್ಚಿದ್ದು ನೆನಪಿದೆ. ಆಮೇಲೆ ಎಲ್ಲೋ ದೂರದಲ್ಲಿ ಮೀಸೆಯ "ಶ್" ಕೇಳಿಸಿತು.

ಕಣ್ಣು ಬಿಟ್ಟಾಗ ಎರಡು ಚೀಟಿಗಳೂ ಮೇಜಿನ ಮೇಲೆ ಬಿದ್ದಿದ್ದವು. ಎರಡು ನಳಿಕೆಗಳಿಗೂ ಲೇಬಲ್ ಅಂಟಿತ್ತು. ಅಂಟಿಸಿದ್ದು ನನ್ನ ಕೈಯೇ. ಯಾವುದಕ್ಕೆ ಯಾವುದು ಎಂಬುದು ಮಾತ್ರ ನನ್ನ ತಲೆಯಲ್ಲಿ ಇರಲಿಲ್ಲ. ನಳಿಕೆಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದೇ ಕೆಂಪು.

ಸರಿಯಾಗೇ ಇರುತ್ತದೆ ಎಂದುಕೊಂಡೆ. ದಿನಾ ಮಾಡುವ ಕೆಲಸ, ಕೈಗೆ ಗೊತ್ತಿರುತ್ತದೆ. ಅಷ್ಟರಲ್ಲಿ ಮೇಡಂ ಬಂದು ನಳಿಕೆಗಳನ್ನು ಒಯ್ದರು. ಅವರು ಲ್ಯಾಬಿನ ಮುಖ್ಯಸ್ಥೆ, ಮಾತು ಕಡಿಮೆ, ನಡಿಗೆ ಜೋರು. ರಕ್ತದ ಗುಂಪು ನೋಡಲು ಬಿಳಿ ಬಿಲ್ಲೆಯ ಮೇಲೆ ಅವರು ಹನಿ ಹಾಕುತ್ತಿದ್ದಾಗ ನಾನು ಅವರ ಹಿಂದೆ ನಿಂತು ಪ್ರಾರ್ಥಿಸಿದೆ. ಎಷ್ಟೋ ವಾರಗಳ ಮೇಲೆ ನಾನು ಮಾಡಿದ ನಿಜವಾದ ಪ್ರಾರ್ಥನೆ ಅದು. ಕಣ್ಣು ತೆರೆದೇ ಇತ್ತು. ಕರ್ತನೇ, ಇಬ್ಬರದೂ ಒಂದೇ ಗುಂಪಾಗಿರಲಿ.

"ಕಾಮಾಲೆಯವರದು ಎ" ಎಂದರು ಮೇಡಂ. "ಆಪರೇಷನ್ ಅವರದು ಬಿ. ಬಿ ರಕ್ತದ ಚೀಲ ತೆಗೆದಿಡಿ."

ಲೇಬಲ್ ಅದಲುಬದಲಾಗಿದ್ದರೆ ಆ ಚೀಲ ಯಜಮಾನರನ್ನು ಕೊಲ್ಲುತ್ತದೆ. ಚೀಲದ ರಕ್ತ ರೋಗಿಗೆ ಒಗ್ಗುತ್ತದೆಯೇ ಎಂದು ಆಮೇಲೆ ಮಾಡುವ ಹೊಂದಾಣಿಕೆ ಪರೀಕ್ಷೆಯೂ ಅದೇ ನಳಿಕೆಯಿಂದಲೇ. ತಪ್ಪು ನಳಿಕೆ ತನ್ನ ತಪ್ಪನ್ನು ತಾನೇ ಸರಿ ಎನ್ನುತ್ತದೆ. ಇದನ್ನು ನಾನು ಕಾಲೇಜಿನಲ್ಲಿ ಓದಿ ಅಂಕ ಗಳಿಸಿದ್ದೆ.

"ಮೇಡಂ, ಇನ್ನೊಂದ್ಸಲ ರಕ್ತ ತಗೊಳ್ಳೋಣ್ವಾ?"

"ಯಾಕೆ?"

"ಸುಮ್ನೆ. ಸಮಾಧಾನಕ್ಕೆ."

ಮೀಸೆ ಕುರ್ಚಿಯಿಂದಲೇ ಕೈ ಮುಗಿದ. "ತಾಯೀ, ಬೇಡ! ಆ ಯಜಮಾನ್ರ ಕೈಯಲ್ಲಿ ನರ ಹುಡುಕೋದು ಅಂದ್ರೆ ಹುಲ್ಲಿನ ಬಣವೆ ಕೆದಕಿದ ಹಾಗೆ. ಆಗಲೇ ಬೈದು ಬೈದು ಬಿಟ್ಟಿದ್ದಾರೆ. ಮತ್ತೆ ಸೂಜಿ ಹಿಡ್ಕೊಂಡು ಹೋದ್ರೆ ನನ್ನ ಮೀಸೆ ಉಳಿಯಲ್ಲ."

ಮೇಡಂ ನಕ್ಕರು. ಅಪರೂಪಕ್ಕೆ ನಗುವವರು. "ಪ್ರಾರ್ಥನೆ ಮಾಡಿ ಅಂಟಿಸಿರೋ ಲೇಬಲ್. ನಿನ್ನ ದೇವರ ಮೇಲೆ ನಿನಗೇ ನಂಬಿಕೆ ಇಲ್ವೇನೇ?"

ನಿಜ ಹೇಳಿಬಿಟ್ಟರೆ ಮೀಸೆಯ ಬಾಯಿಂದ ಇಡೀ ಆಸ್ಪತ್ರೆಗೆ, ಅಲ್ಲಿಂದ ಸಭೆಗೆ, ಭಾನುವಾರದೊಳಗೆ ಅಪ್ಪನ ಕಿವಿಗೆ. ಅರಳಿದ್ದ ಆ ಮುಖ ಮುದುಡುವುದನ್ನು ನೋಡಬೇಕಾಗುತ್ತಿತ್ತು. ನಾನು ಬಾತ್‌ರೂಮಿಗೆ ಹೋಗಿ ಮುಖಕ್ಕೆ ನೀರು ಎರಚಿಕೊಂಡೆ. ದೇವರೇ, ಅದನ್ನು ಸರಿ ಮಾಡು ಎಂದೆ. ಕೇಳಿದ ಕ್ಷಣಕ್ಕೇ ನಾಚಿಕೆಯಾಯಿತು. ಇಷ್ಟು ದಿನ ನಾನು ದೇವರ ಹೆಸರನ್ನು ಹೊದ್ದು ಮಲಗಿದ್ದೆ, ಈಗ ಆ ಹೊದಿಕೆಯೊಳಗೇ ಅವಿತುಕೊಂಡು ಲೇಬಲ್ ಬದಲಿಸು ಎಂದು ಅವನನ್ನೇ ಕೇಳುತ್ತಿದ್ದೆ. ಅವನು ಕೊಟ್ಟ ನಿದ್ದೆಯನ್ನು ಬೇಡ ಎಂದವಳೂ ನಾನೇ, ಮಾತಾಡಲು ಕೊಟ್ಟ ಬಾಯನ್ನು ಮುಚ್ಚಿಕೊಂಡಿರುವವಳೂ ನಾನೇ. ಅವನಿಗೆ ಉಳಿದಿದ್ದ ಕೆಲಸವಾದರೂ ಏನು?

ಬಹಳ ಹೊತ್ತಿನ ಮೇಲೆ ವಾಪಸ್ಸು ಬಂದಾಗ ಫೋನು ಹೊಡೆದುಕೊಳ್ಳುತ್ತಿತ್ತು. ಆಪರೇಷನ್ ಥಿಯೇಟರಿನವರು. "ಹಾಂ, ರೆಡಿ ಇದೆ, ಕಳಿಸ್ತಾ ಇದೀವಿ" ಎಂದರು ಮೇಡಂ. ಹೊಂದಾಣಿಕೆ ಪರೀಕ್ಷೆ ಮುಗಿದಿತ್ತು, ಎಲ್ಲವೂ ಸರಿಯೆಂದು ಬಂದಿತ್ತು. ಅಟೆಂಡರ್ ತಣ್ಣನೆಯ ಪೆಟ್ಟಿಗೆ ತಂದು ಚೀಲವನ್ನು ಒಳಗಿಟ್ಟ. ಬಾಗಿಲಾಚೆ ಆ ಹೆಂಗಸು ನಿಂತಿದ್ದರು. ನನ್ನನ್ನು ಕಂಡು ಎರಡೂ ಕೈ ಎದೆಗೆ ಒತ್ತಿಕೊಂಡು ತಲೆಯಾಡಿಸಿದರು. ಪ್ರಾರ್ಥನೆ ಆಯ್ತಲ್ವಾ ಎಂಬಂತೆ.

ಅಟೆಂಡರ್ ಪೆಟ್ಟಿಗೆ ಎತ್ತಲು ಬಾಗಿದ. ನಾನು ಮುಚ್ಚಳದ ಮೇಲೆ ಎರಡೂ ಅಂಗೈಗಳನ್ನು ಊರಿದೆ.

"ಏನಮ್ಮ, ಇದಕ್ಕೂ ಪ್ರಾರ್ಥನೆ ಮಾಡ್ಬೇಕಾ? ಬೇಗ ಮುಗಿಸು, ಡಾಕ್ಟ್ರು ಕಿರುಚ್ತಾರೆ" ಎಂದ ಅಟೆಂಡರ್. ಮೀಸೆ ಅಭ್ಯಾಸಬಲದಿಂದ ಬೆರಳನ್ನು ತುಟಿಗಿಟ್ಟುಕೊಂಡ. ನಾನು ಮೇಡಂ ಮುಖವನ್ನೇ ನೋಡಿದೆ.

"ಬೆಳಿಗ್ಗೆ ನಾನು ಪ್ರಾರ್ಥನೆ ಮಾಡ್ತಿರಲಿಲ್ಲ, ಮೇಡಂ. ನಿದ್ದೆ ಹೋಗಿದ್ದೆ."