ಜಾಲರಿಯ ಮೇಲಿನ ಅಕ್ಕ

ಅಕ್ಕ ತೀರಿಕೊಂಡು ವರ್ಷ ತುಂಬುವ ಮೊದಲೇ ತಂಗಿ ಅವಳ ಜಾಗಕ್ಕೆ ನೃತ್ಯ ತಂಡ ಸೇರಿದಳು. ಹೊಸ ಉಡುಪು ಹೊಲಿಸುವ ಗೋಜೂ ಇರಲಿಲ್ಲ. ಅಕ್ಕನದನ್ನೇ ಸೊಂಟದ ಹತ್ತಿರ ಕೊಂಚ ಮಡಿಚಿ ಹೊಲಿದರೆ ಸರಿಹೋಯಿತು.

ದೇಶದೇಶಗಳ ಕುಣಿತವನ್ನು ಒಂದೇ ಪ್ರದರ್ಶನದಲ್ಲಿ ಹೆಣೆದು ಊರೂರು ಸುತ್ತುವ ತಂಡ ಅದು. ನಿಂತ ಜಾಗದಲ್ಲೇ ಗಿರಗಿರನೆ ತಿರುಗುವ ಒಬ್ಬನಿದ್ದ. ಅವನನ್ನು ಎಲ್ಲರೂ ಬುಗುರಿ ಎನ್ನುತ್ತಿದ್ದರು. ಮುಖವಾಡ ಹಾಕಿ ಕುಣಿಯುವವರಿದ್ದರು, ಎದೆ ನಡುಗಿಸುವಂತೆ ಡೋಲು ಬಡಿಯುವವರಿದ್ದರು. ಇವರೆಲ್ಲರ ಸುತ್ತ ಬೆಳಕಿನ ಚಿತ್ರಗಳು ನೆಲದ ಮೇಲೆ, ಗೋಡೆಯ ಮೇಲೆ, ಹೊಗೆಯ ಮೇಲೆ ಓಡಾಡುತ್ತಿದ್ದವು. ತಂಡ ಕಟ್ಟಿದವಳು, ನಡೆಸುವವಳು ನಿರ್ದೇಶಕಿ. ಎಲ್ಲರಿಗೂ ಆಕೆ ಬರೀ ಮೇಡಂ.

ಜನ ಮುಗಿಬೀಳುತ್ತಿದ್ದುದು ಮೂರನೆಯ ದೃಶ್ಯಕ್ಕೆ. ವೇದಿಕೆಯ ನಡುವೆ ಸೊಳ್ಳೆಪರದೆಯಷ್ಟು ತೆಳುವಾದ ಜಾಲರಿ ಇಳಿಯುತ್ತಿತ್ತು. ಅದರ ಮೇಲೆ ಬೆಳಕಿನ ಚುಕ್ಕೆಗಳು ಕೂಡಿ ಒಬ್ಬ ಹೆಣ್ಣಾಗುತ್ತಿದ್ದವು. ಮುಖವಿರಲಿಲ್ಲ, ಮೈ ಮಾತ್ರ. ಆ ಮೈ ಅಕ್ಕನದು. ಬದುಕಿದ್ದಾಗ ಅವಳು ಕೀಲುಕೀಲಿಗೂ ಮಣಿ ಅಂಟಿಸಿದ ಕರಿ ಉಡುಪು ತೊಟ್ಟು ಕ್ಯಾಮೆರಾಗಳ ನಡುವೆ ಕುಣಿದಿದ್ದಳು. ಯಂತ್ರ ಅವಳ ಒಂದೊಂದು ತಿರುವನ್ನೂ ಹೀರಿಟ್ಟುಕೊಂಡಿತ್ತು. ಈಗ ಜಾಲರಿಯ ಮುಂದೆ ತಂಗಿ, ಜಾಲರಿಯ ಮೇಲೆ ಅಕ್ಕ, ಇಬ್ಬರೂ ಜೊತೆಯಾಗಿ ಕುಣಿಯಬೇಕು.

"ಹೋದವಳನ್ನ ಹೋಗೋಕೆ ಬಿಡಿ. ಯಾಕೆ ಹಿಡಿದು ಕುಣಿಸ್ತೀರಿ?" ಎಂದಷ್ಟೇ ಅಮ್ಮ ಹೇಳಿದ್ದಳು. ಬೇಡ ಎನ್ನುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಅಕ್ಕನನ್ನು ಜ್ವರವೊಂದು ಗಾಳಿಗೆ ದೀಪ ಆರಿದಂತೆ ಒಯ್ದಿತ್ತು. ಬೇರೆ ಊರಲ್ಲಿದ್ದ ತಂಗಿ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಂಗಿ ಆಗಲೂ ಅಳಲಿಲ್ಲ, ಆಮೇಲೂ ಅಳಲಿಲ್ಲ.

ಮೊದಲ ಕೆಲವು ಊರುಗಳಲ್ಲಿ ಎಲ್ಲ ಸುಸೂತ್ರವಾಗಿ ನಡೆಯಿತು. ತಂಗಿಗೆ ಕಷ್ಟವಾಗುತ್ತಿದ್ದುದು ಎಡಕ್ಕೆ ತಿರುಗುವ ಒಂದು ಸುತ್ತು ಮಾತ್ರ. ಅಕ್ಕ ಮಿಂಚಿನಂತೆ ತಿರುಗಿ ಅಂಗೈ ಚಾಚುತ್ತಿದ್ದಳು, ತಂಗಿ ಪ್ರತಿಸಲವೂ ಅರೆಗಳಿಗೆ ತಡವಾಗಿ ತಲುಪುತ್ತಿದ್ದಳು. ಒಂದು ಊರಿನಲ್ಲಿ, ಹಳೆಯ ಇಟ್ಟಿಗೆಯ ರಂಗಮಂದಿರದಲ್ಲಿ, ಆ ಸುತ್ತು ಮುಗಿಸಿ ಅವಳು ತಲೆಯೆತ್ತಿದಾಗ ಅಕ್ಕ ಇನ್ನೂ ತಿರುಗಿರಲೇ ಇಲ್ಲ. ಒಂದು ಕಾಲು ಎತ್ತಿಕೊಂಡು ಹಾಗೇ ನಿಂತಿದ್ದಳು. ತಂಗಿ ಬಂದ ಮೇಲೆ ತಿರುಗಿ ಕೈ ಚಾಚಿದಳು. ಅಂಗೈಗೆ ಅಂಗೈ ಸರಿಯಾಗಿ ಸೇರಿತು.

ಪ್ರದರ್ಶನ ಮುಗಿದದ್ದೇ ತಡ, ತಂಗಿ ಸಭಾಂಗಣದ ಹಿಂದಿನ ಗೂಡಿಗೆ ಓಡಿದಳು. ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಯಂತ್ರಗಳ ನಡುವೆ ಕೂರುವಾತನನ್ನು ತಂಡದವರು ಪರದೆ ಅಣ್ಣ ಎನ್ನುತ್ತಿದ್ದರು.

"ಅಣ್ಣಾ, ಇವತ್ತು ಅಕ್ಕನ್ನ ಸ್ವಲ್ಪ ನಿಧಾನ ಮಾಡಿದ್ರಾ?"

"ನಾನಾ? ಗುಂಡಿ ಒತ್ತೋದು ಬಿಟ್ರೆ ನಂಗೇನಮ್ಮಾ ಕೆಲಸ ಅಲ್ಲಿ. ಅವತ್ತು ಹೇಗೆ ಅಚ್ಚಾಗಿದೆಯೋ ಇವತ್ತೂ ಹಾಗೇ."

"ನನಗೋಸ್ಕರ ನಿಂತ ಹಾಗಿತ್ತು."

"ಅಂತೂ ಒಂದು ದಿನ ತಾಳಕ್ಕೆ ಸಿಕ್ಕಿದೀಯ. ಖುಷಿಪಡೋದು ಬಿಟ್ಟು ನನ್ನ ಮೇಲೆ ಯಾಕೆ ಅನುಮಾನ?" ಎಂದು ಅವನು ನಕ್ಕ.

ಮುಂದಿನ ಊರಿನಲ್ಲಿ ತಂಗಿಯ ಕಾಲು ಉಳುಕಿತು. ಬಿಗಿಯಾಗಿ ಪಟ್ಟಿ ಸುತ್ತಿಕೊಂಡೇ ವೇದಿಕೆಗೆ ಹೋದಳು. ಎಡದ ಸುತ್ತಿನಲ್ಲಿ ನೋವಿಗೆ ನಿಂತೇಬಿಟ್ಟಳು. ಅಕ್ಕನೂ ನಿಂತಳು. ಡೋಲಿನವರು ತಾಳ ತಪ್ಪಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಂಗಿ ಉಸಿರು ತೆಗೆದುಕೊಂಡು ಹೊರಟ ಮೇಲೆಯೇ ಅಕ್ಕ ಹೊರಟಳು.

ಈ ಸಲ ಪರದೆ ಅಣ್ಣನೇ ಅವಳನ್ನು ಹುಡುಕಿಕೊಂಡು ಬಂದ. ಮುಖ ಬಿಳುಚಿಕೊಂಡಿತ್ತು.

"ನನ್ನ ಮುಂದಿರೋ ಚಿಕ್ಕ ಪರದೇಲಿ ಅವಳು ಸುತ್ತು ಮುಗಿಸಿ ಮುಂದೆ ಹೋಗಿದ್ಲು. ಜಾಲರಿ ಮೇಲೆ ಮಾತ್ರ ನಿಂತಿದ್ಲು. ಇಲ್ಲಿಂದ ಹೋಗೋ ಚಿತ್ರಾನೇ ಅಲ್ಲಿ ಬೀಳೋದು. ಒಂದು ಎರಡು ಹೇಗಾಗತ್ತೆ, ನೀನೇ ಹೇಳು."

ಇಬ್ಬರೂ ಮೇಡಂ ಹತ್ತಿರ ಹೋದರು. ಆಕೆ ಕಾಗದದ ಲೋಟದಲ್ಲಿ ಕಾಫಿ ಹೀರುತ್ತ ಎಲ್ಲ ಕೇಳಿಸಿಕೊಂಡಳು.

"ಯಂತ್ರದ ತಪ್ಪೂ ಒಂದೊಂದ್ಸಲ ವರ ಆಗತ್ತೆ. ಜನ ಕಣ್ಣೊರೆಸಿಕೊಳ್ತಿದ್ರು, ನೋಡ್ಲಿಲ್ವಾ? ಯಾರೂ ಏನೂ ಮುಟ್ಟಬೇಡಿ."

ಬುಗುರಿಗೆ ಮಾತ್ರ ಅದು ವರವಾಗಿ ಕಾಣಲಿಲ್ಲ. ಅವನ ಕುಣಿತ ಕೊನೆಯ ದೃಶ್ಯದಲ್ಲಿ. ಒಂದು ಸಂಜೆ ಬೆವರೊರೆಸಿಕೊಳ್ಳುತ್ತ ತಂಗಿಯ ಪಕ್ಕ ಕೂತ.

"ತಲೆ ಸುತ್ತಬಾರದು ಅಂದ್ರೆ ಪ್ರತಿ ಸುತ್ತಿಗೂ ಒಂದೇ ಕಡೆ ಕಣ್ಣು ನೆಡಬೇಕು. ನಾನು ಜಾಲರಿ ಕಡೆ ನೆಡ್ತಿದ್ದೆ. ನನ್ನ ದೃಶ್ಯ ಬರೋ ಹೊತ್ತಿಗೆ ಅದರ ಮೇಲೆ ಬೆಳಕೇ ಇರಲ್ಲ. ಆದ್ರೂ ಅಲ್ಲಿ ಯಾರೋ ನಿಂತಿರ್ತಾರೆ. ಸುತ್ತಿ ಬಂದಾಗೆಲ್ಲ ಸ್ವಲ್ಪ ಹತ್ತಿರ ಬಂದಿರ್ತಾರೆ."

"ಅಕ್ಕ ಅದು."

"ಯಾರಾದ್ರೂ ಆಗ್ಲಿ. ಇನ್ಮೇಲೆ ನಾನು ಬಾಗಿಲ ಕಡೆ ನೋಡ್ಕೊಂಡೇ ತಿರುಗ್ತೀನಿ."

ತಂಗಿಗೆ ಭಯವೇ ಆಗಲಿಲ್ಲ. ಬದಲಿಗೆ ಕಳೆದುಹೋದದ್ದು ಕೈಗೆ ಸಿಕ್ಕಂತಾಗಿತ್ತು. ಚಿಕ್ಕಂದಿನಲ್ಲಿ ಶಾಲೆಯಿಂದ ಬರುವಾಗ ತಾನು ಹಿಂದೆ ಬಿದ್ದರೆ ಪ್ರತಿ ಬೀದಿಯ ತಿರುವಿನಲ್ಲೂ ಅಕ್ಕ ನಿಂತು ಕಾಯುತ್ತಿದ್ದುದು ಅವಳಿಗೆ ನೆನಪಿತ್ತು. ಈಗಲೂ ಕಾಯುತ್ತಿದ್ದಾಳಲ್ಲ! ಬೆಳಗ್ಗೆ ಎಲ್ಲರಿಗಿಂತ ಮುಂಚೆ ರಂಗಮಂದಿರಕ್ಕೆ ಹೋಗಿ, ಪರದೆ ಅಣ್ಣನನ್ನು ಕಾಡಿ ಬೇಡಿ ಯಂತ್ರ ಹಾಕಿಸಿಕೊಳ್ಳತೊಡಗಿದಳು. ಅವನು ಗುಂಡಿ ಒತ್ತಿ ಹೊರಗೆ ಹೋಗಿಬಿಡುತ್ತಿದ್ದ. ಖಾಲಿ ಕುರ್ಚಿಗಳ ಮುಂದೆ, ಧೂಳು ಮತ್ತು ಬಣ್ಣದ ವಾಸನೆಯಲ್ಲಿ, ಅವಳು ಜಾಲರಿಯ ಹತ್ತಿರ ಕೂತು ಮಾತಾಡುತ್ತಿದ್ದಳು. ಬೆಳಕಿನ ಹೆಣ್ಣು ತಲೆ ಓರೆ ಮಾಡಿ ಕೇಳುತ್ತಿತ್ತು. ಅಂಥ ಭಂಗಿ ನೃತ್ಯದಲ್ಲಿ ಎಲ್ಲಿಯೂ ಇರಲಿಲ್ಲ.

ಊಟ ಕಡಿಮೆಯಾಯಿತು. ಅಕ್ಕನ ಉಡುಪಿಗೆ ಇನ್ನೊಂದು ಮಡಿಕೆ ಹಾಕಬೇಕಾಯಿತು. ಮಾತಾಡಿಸಿದರೆ ತಂಗಿ ಎಲ್ಲೋ ದೂರದಿಂದ ಬಂದವಳಂತೆ ತಿರುಗಿ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಅವಳೇ ಅಮ್ಮನಿಗೆ ಫೋನ್ ಮಾಡಿದಳು.

"ಅಮ್ಮಾ, ಅಕ್ಕ ಇಲ್ಲೇ ಇದಾಳೆ. ನನ್ನ ಕಾಯ್ತಾಳೆ."

ಆ ಕಡೆ ಅಮ್ಮ ಒಲೆ ಆರಿಸಿದ ಸದ್ದು ಕೇಳಿಸಿತು. ಆಮೇಲೆ, "ಯಾವ ಊರಲ್ಲಿದೀಯ? ಬರ್ತೀನಿ," ಎಂದಳು ಅಮ್ಮ.

ಮರುದಿನವೇ ಅಮ್ಮ ಬಸ್ಸಿಳಿದು ನೇರ ರಂಗಮಂದಿರಕ್ಕೆ ಬಂದಳು. ಅಭ್ಯಾಸ ನಡೆಯುತ್ತಿತ್ತು. ಅಮ್ಮ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತು, ಎಲ್ಲವನ್ನೂ ಕಣ್ಣು ಮಿಟುಕಿಸದೆ ನೋಡಿದಳು. ಮೂರನೆಯ ದೃಶ್ಯದ ಕೊನೆಯಲ್ಲಿ ಜಾಲರಿಯ ಮುಂದಿನ ನೆಲವೇ ಲಿಫ್ಟಿನಂತೆ ಸದ್ದಿಲ್ಲದೆ ಕೆಳಗಿಳಿಯುತ್ತಿತ್ತು. ಮುಖವಾಡದವರು ಅದರ ಮೇಲೆ ಹತ್ತಿ ಪಾತಾಳದಿಂದ ಎದ್ದುಬರಬೇಕು. ಅಷ್ಟರೊಳಗೆ ತಂಗಿ ವೇದಿಕೆಯ ಅಂಚಿಗೆ ಬಂದು ನಿಂತಿರಬೇಕು. ಅದನ್ನೂ ಅಮ್ಮ ನೋಡಿದಳು.

ತಂಗಿ ಓಡಿ ಬಂದು ಅವಳ ಮೊಣಕಾಲ ಹತ್ತಿರ ಕೂತಳು. "ನೋಡಿದ್ಯಾ ಅಮ್ಮಾ? ಶಾಲೆಯಿಂದ ಬರುವಾಗ ಕಾಯ್ತಿದ್ಲಲ್ಲ, ಹಾಗೇ!"

ಅಮ್ಮ ಅವಳ ಕೂದಲಲ್ಲಿ ಕೈಯಾಡಿಸಿದಳು. ಕೈ ತಣ್ಣಗಿತ್ತು.

"ತಿರುವಿನಲ್ಲಿ ಕಾಯ್ತಿದ್ದೋಳು ನಾನು, ಪುಟ್ಟಿ. ನಿಮ್ಮಕ್ಕ ಮುಂದೆ ಓಡಿಹೋಗಿ ಮನೆ ಬೀಗ ಅಲ್ಲಾಡಿಸ್ತಾ ಇರ್ತಿದ್ಲು. ಹುಟ್ಟಿದಾಗ್ಲಿಂದ ಅವಳು ಯಾರಿಗೂ ಕಾದೋಳಲ್ಲ."

"ಇಲ್ಲ. ನಂಗೆ ಚೆನ್ನಾಗಿ ನೆನಪಿದೆ."

"ನೀನು ಚಿಕ್ಕೋಳು." ಅಮ್ಮ ಜಾಲರಿಯ ಕಡೆ ನೋಡಿದಳು. ಯಂತ್ರ ಆರಿತ್ತು. ಆದರೂ ಬಟ್ಟೆಯ ಒಂದು ಕಡೆ, ಮನುಷ್ಯರ ಎತ್ತರದಲ್ಲಿ, ಮಸುಕಾದ ಬೆಳಕು ಉಳಿದಿತ್ತು. "ನಡಿಗೆ ನಮ್ಮವಳದು. ಕುತ್ತಿಗೆ ತಿರುಗಿಸೋದೂ ನಮ್ಮವಳದೇ. ಆದ್ರೆ ಅದು ನಮ್ಮ ಹುಡುಗಿ ಅಲ್ಲ."

"ಮತ್ತೆ ಯಾರು?"

"ನಂಗೇನು ಗೊತ್ತು? ನಿಂಗೆ ಏನು ಬೇಕು ಅಂತ ಮಾತ್ರ ಅದಕ್ಕೆ ಗೊತ್ತಾಗಿದೆ."

ತಂಗಿ ಸಿಟ್ಟಿನಿಂದ ಎದ್ದುಹೋದಳು. ಹೆತ್ತ ತಾಯಿಗೇ ಮಗಳ ಗುರುತು ಸಿಗದೆ ಹೋಯಿತಲ್ಲ ಎಂದು ಬಟ್ಟೆ ಬದಲಿಸುವ ಕೋಣೆಯಲ್ಲಿ ಕನ್ನಡಿಗೆ ಬೆನ್ನು ಮಾಡಿ ಕೂತಳು. ಬುಗುರಿ ಕರೆದರೂ ಬಾಗಿಲು ತೆಗೆಯಲಿಲ್ಲ.

ಅಂದು ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಮೂರನೆಯ ದೃಶ್ಯದಲ್ಲಿ ತಂಗಿ ಬೇಕೆಂದೇ ನಿಧಾನವಾಗಿ ಕುಣಿದಳು. ಬೆಳಕಿನ ಹೆಣ್ಣು ಪ್ರತಿ ಹೆಜ್ಜೆಗೂ ನಿಂತು ಕಾಯಿತು. ಕೊನೆಯಲ್ಲಿ ಅವಳು ವೇದಿಕೆಯ ಅಂಚಿಗೆ ಬಂದಳು. ಹಿಂದೆ ದೀಪಗಳು ಆರಿದವು, ನೆಲ ಇಳಿಯತೊಡಗಿತು. ಅಲ್ಲಿಗೆ ಅಕ್ಕನ ಚುಕ್ಕೆಗಳು ಚದುರಿ ಮಾಯವಾಗಬೇಕು. ಮಾಯವಾಗಲಿಲ್ಲ.

ತಂಗಿ ಹಿಂತಿರುಗಿ ನೋಡಿದಳು. ಅದು ಕೈ ಚಾಚಿತ್ತು. ಬೆರಳುಗಳು ಮೆಲ್ಲಗೆ ಮಡಿಚಿ ಬಿಚ್ಚಿ, ಮಡಿಚಿ ಬಿಚ್ಚಿ, ಬಾ ಎಂದು ಕರೆಯುತ್ತಿದ್ದವು. ಅವಳು ಒಂದು ಹೆಜ್ಜೆ ಇಟ್ಟಳು. ಅದು ಒಂದು ಹೆಜ್ಜೆ ಹಿಂದೆ ಸರಿದು ಸ್ವಲ್ಪ ಚಿಕ್ಕದಾಯಿತು. ಮತ್ತೊಂದು ಹೆಜ್ಜೆ. ಅದು ಮತ್ತೂ ಹಿಂದೆ ಸರಿದು, ತಲೆ ಓರೆ ಮಾಡಿ ಕಾಯಿತು. ಇಬ್ಬರ ನಡುವೆ ನೆಲವಿಲ್ಲವೆಂಬುದು ತಂಗಿಗೆ ಗೊತ್ತಿತ್ತು. ಗೊತ್ತಿದ್ದೂ ಅದು ದೊಡ್ಡ ವಿಷಯವೆಂದು ಅನ್ನಿಸಲಿಲ್ಲ. ಡೋಲಿನ ಸದ್ದು ನೀರಿನೊಳಗಿಂದ ಕೇಳಿದಂತಿತ್ತು. ನೋಡುವವರೆಲ್ಲ ಇದೂ ನೃತ್ಯವೇ ಎಂದುಕೊಂಡು ಉಸಿರು ಬಿಗಿಹಿಡಿದಿದ್ದರು.

"ಪುಟ್ಟೀ! ನಿಲ್ಲೇ ಅಲ್ಲೇ!"

ಕತ್ತಲಿನಿಂದ ಅಮ್ಮನ ಕೂಗು ಬಂತು. ರಸ್ತೆ ದಾಟುವ ಮಗುವನ್ನು ಗದರಿಸುವ ಕೂಗು. ತಂಗಿಯ ಕಾಲು ತಾನಾಗಿಯೇ ನಿಂತಿತು. ಹೆಬ್ಬೆರಳ ಕೆಳಗೆ ತಣ್ಣನೆಯ ಗಾಳಿ ಆಡುತ್ತಿತ್ತು. ಅವಳು ಕೆಳಗೆ ನೋಡಿದಳು. ಆಳದಲ್ಲಿ ಮುಖವಾಡಗಳು ಬಾಯಿ ತೆರೆದು ಅವಳನ್ನೇ ನೋಡುತ್ತಿದ್ದವು.

ತಲೆ ಎತ್ತಿದಾಗ ಬೆಳಕಿನ ಹೆಣ್ಣು ಕೈ ಇಳಿಸಿತ್ತು. ಕರೆಯುತ್ತಿರಲಿಲ್ಲ, ಕಾಯುತ್ತಲೂ ಇರಲಿಲ್ಲ. ಮುಖವಿಲ್ಲದ ತಲೆಯನ್ನು ಅವಳಿಂದ ನಿಧಾನವಾಗಿ ತಿರುಗಿಸಿ, ಕೂಗಿದವಳು ಯಾರೆಂದು ಸಭಾಂಗಣದ ಸಾಲುಸಾಲಿನಲ್ಲೂ ಹುಡುಕುತ್ತಿತ್ತು.

ಬುಗುರಿ ಪಕ್ಕದಿಂದ ನುಗ್ಗಿ ಬಂದು ತಂಗಿಯನ್ನು ಅಪ್ಪಿ ಎಳೆದುಕೊಂಡ. ಹಿಂದಿನ ಗೂಡಿನಲ್ಲಿ ಪರದೆ ಅಣ್ಣ ವೈರುಗಳನ್ನೆಲ್ಲ ಕಿತ್ತು ಹಾಕಿದ. ಜಾಲರಿ ಕಪ್ಪಾಯಿತು. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು.

ಮೇಡಂ ಆ ದಿನ ಪರದೆ ಅಣ್ಣನ ಮೇಲೆ ಹರಿಹಾಯ್ದಳು. ಅವನು ಆಕೆಯ ಕಣ್ಣೆದುರಿಗೇ ಅಕ್ಕನ ಚಿತ್ರವನ್ನು ಯಂತ್ರದಿಂದ ಅಳಿಸಿದ. "ಇನ್ನೊಬ್ಬನ್ನ ಹುಡುಕ್ಕೊಳ್ತೀನಿ ಅಂದ್ರೆ ಹೋಗ್ತೀನಿ," ಎಂದ. ಆಕೆ ಹಾಗೆ ಹೇಳಲಿಲ್ಲ. ಕಾಲ ಕೆಳಗೆ ನೆಲವಿಲ್ಲದೆ ನಿಂತ ಹುಡುಗಿಯನ್ನು ಆಕೆಯೂ ನೋಡಿದ್ದಳು. ಜಾಲರಿಯನ್ನು ಸುತ್ತಿ ಅದೇ ಊರಿನಲ್ಲಿ ಬಿಟ್ಟುಬಂದರು. ಮುಂದಿನ ಊರಿನಲ್ಲಿ ಮೂರನೆಯ ದೃಶ್ಯಕ್ಕೆ ಡೋಲಿನವರೇ ವೇದಿಕೆಯ ನಡುವೆ ಬಂದು ಕೂತರು. ತಂಗಿ ಅವರ ಸುತ್ತ ಕುಣಿದಳು. ಕುಣಿತ ಸಾಧಾರಣವಾಗಿತ್ತು. ಮೊದಲಿನಷ್ಟು ಜನ ಬರಲಿಲ್ಲ.

ಆದರೆ ಅದಕ್ಕೆ ಮೊದಲು, ಆ ಸಂಜೆಯ ಮರುದಿನ ಬೆಳಗ್ಗೆ, ವಸತಿಗೃಹದ ಕೋಣೆಯಲ್ಲಿ ಅಮ್ಮ ಬಟ್ಟೆ ಮಡಿಚುತ್ತಿದ್ದಾಗ ತಂಗಿ ಹಾಸಿಗೆಯಲ್ಲಿ ಮಲಗಿಕೊಂಡೇ ಕೇಳಿದಳು, "ಅಕ್ಕ ನಿಜವಾಗ್ಲೂ ಹೇಗಿದ್ಲಮ್ಮಾ?"

"ಸ್ವಾರ್ಥಿ," ಎಂದಳು ಅಮ್ಮ, ಕೈ ನಿಲ್ಲಿಸದೆ. "ನಿನ್ನ ಹೊಸ ಚಪ್ಪಲಿ ಹಾಕ್ಕೊಂಡು ಸ್ಪರ್ಧೆಗೆ ಹೋಗಿ, ಬಾರು ಕಿತ್ತುಕೊಂಡು ಬಂದು, ಏನೂ ಆಗದ ಹಾಗೆ ಬಾಗಿಲ ಹತ್ತಿರ ಇಟ್ಟಿದ್ಲು. ಕೇಳಿದ್ರೆ, ‘ಚಪ್ಪಲಿ ನನ್ನ ಕಾಲಲ್ಲಿ ಕುಣೀತಲ್ಲ, ಪುಣ್ಯ ಮಾಡಿತ್ತು' ಅಂದ್ಲು."

ತಂಗಿಗೆ ನಗು ಬಂತು. ಅಮ್ಮನಿಗೂ ಬಂತು. ಆ ನಗುವಿನ ನಡುವೆಯೇ ತಂಗಿ ಮತ್ತೆ ಕೇಳಿದಳು.

"ಆಸ್ಪತ್ರೇಲೂ ನಾನು ಬರೋವರೆಗೆ ಕಾಯ್ಲಿಲ್ಲ ಅಲ್ವಾ ಅವಳು?"

"ಇಲ್ಲಮ್ಮ," ಎಂದಳು ಅಮ್ಮ. "ಕಾಯ್ಲಿಲ್ಲ."

ತಂಗಿ ಗೋಡೆಯ ಕಡೆ ಹೊರಳಿ, ಮೊಟ್ಟಮೊದಲ ಸಲ ಅಳತೊಡಗಿದಳು. ಅಮ್ಮ ಮಡಿಚುತ್ತಿದ್ದ ಬಟ್ಟೆ ಬಿಟ್ಟು ಹಾಸಿಗೆಯ ತುದಿಯಲ್ಲಿ ಕೂತು ಅವಳ ಉಳುಕಿದ ಕಾಲನ್ನು ತೊಡೆಯ ಮೇಲೆ ಎತ್ತಿಕೊಂಡಳು.